ಯಾವ ಮಾವಾ?

ಆ ದಿನದ ಅನಾಹುತಕ್ಕೆಲ್ಲ ಕಾರಣ ಹಿಂದಿಯ ಒಂದು 'ಕೋ'. ಭಾನುವಾರ ಬೆಳಿಗ್ಗೆ ಡೊಂಬಿವಲಿಯ ತಮ್ಮ ಮನೆಯ ಬಚ್ಚಲಲ್ಲಿ ವಸಂತಕುಮಾರರು ಡ್ರಮ್ಮಿಗೆ ನೀರು ತುಂಬಿಸುತ್ತಿದ್ದರು. ಹೊರಗೆ ಮಗ ರಂಜನ್ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ: "ಮಾವ ಕೋ ಲೇಕೆ ಆತಾ ಹೂಂ. ಪಾಪಾ ಕೋ ಅಭೀ ಪತಾ ನಹೀಂ ಚಲನಾ ಚಾಹಿಯೇ." ನಲ್ಲಿಯ ಸದ್ದಿನಲ್ಲಿ ಮೊದಲಿನ 'ಕೋ', ಅಂದರೆ ನಮ್ಮ 'ಅನ್ನು', ಕೊಚ್ಚಿಹೋಯಿತು. ವಸಂತಕುಮಾರರ ಕಿವಿಗೆ ಬಿದ್ದದ್ದು ಇಷ್ಟೇ: ಮಾವಾ ತರುತ್ತೇನೆ, ಅಪ್ಪನಿಗೆ ಗೊತ್ತಾಗಬಾರದು.

ಮುಂಬಯಿ ಕಡೆ ಮಾವಾ ಎಂದರೆ ಪಾನ್ ಅಂಗಡಿಯವನು ಅಡಿಕೆ ಚೂರು, ತಂಬಾಕು, ಸುಣ್ಣ ಹಾಕಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವ ಪದಾರ್ಥ. ಗುಟ್ಕಾ ನಿಷೇಧವಾದ ಮೇಲಂತೂ ಹುಡುಗರ ದವಡೆಗಳೆಲ್ಲ ಅದರ ಪಾಲಾಗಿದ್ದವು. ನಮ್ಮ ಭಾಷೆಯಲ್ಲಿ ಮಾವ ಎಂದರೆ ತಾಯಿಯ ತಮ್ಮ ಎಂಬುದು ವಸಂತಕುಮಾರರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆಂಡತಿ ವಿನೋದಾಳ ತಮ್ಮ ಲತೀಶನನ್ನು ಕುಡಿತದ ಕಾರಣಕ್ಕೆ ಅವರೇ ಮನೆಯಿಂದ ಹೊರಗೆ ಹಾಕಿದ್ದರು. ಇನ್ನು ಅವನ ಸುದ್ದಿ ಎತ್ತಿದರೆ ಜಾಗ್ರತೆ ಎಂದೂ ಅಪ್ಪಣೆಯಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಮಾವ ಎಂಬ ಶಬ್ದಕ್ಕೆ ಮನುಷ್ಯನೇ ಇರಲಿಲ್ಲ.

ವಾರವಿಡೀ ಕಳಂಬೋಲಿಯ ಒಂದು ಕಬ್ಬಿಣದ ಅಂಗಡಿಯಲ್ಲಿ ಲೆಕ್ಕ ಬರೆಯುವ ವಸಂತಕುಮಾರರು ಭಾನುವಾರ ಮಾತ್ರ ಸಮಾಜ ಸುಧಾರಕರು. ಕನ್ನಡ ಸಂಘದ ವ್ಯಸನಮುಕ್ತಿ ಸಮಿತಿಗೆ ಅವರೇ ಕಾರ್ಯದರ್ಶಿ. ಕಲ್ಯಾಣದಾಚೆಯ ಆಂಬೆಪಾಡಾ ಎಂಬ ಹಳ್ಳಿಯನ್ನು ಸಂಘ ದತ್ತು ತೆಗೆದುಕೊಂಡಿತ್ತು. ಅಂದು ಮಧ್ಯಾಹ್ನ ಅಲ್ಲಿಯ ಹುಡುಗರಿಗೆ ಅವರ ಭಾಷಣ.

ಹೋದ ಸಲ ಅಲ್ಲಿಯ ಯುವಕ ಮಂಡಳದ ಮುರಾರಿಗೆ ವಡಾಪಾವ್ ಕೊಟ್ಟಾಗ ಅವನು ಅದನ್ನು ಚೂರುಚೂರು ಮಾಡಿ ಹಲ್ಲಿನ ಸಂದಿಯಿಂದ ಒಳಗೆ ತಳ್ಳಿದ್ದನ್ನು ಅವರು ಕಂಡಿದ್ದರು. ಮಾವಾ ತಿಂದು ತಿಂದು ಅವನ ಬಾಯಿ ಎರಡು ಬೆರಳಿನಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಇನ್ನೂ ಮದುವೆಯಾಗದ ಹುಡುಗ. ಅವನ ಅಣ್ಣ ಬಾಯಿಯ ಹುಣ್ಣಿನಿಂದಲೇ ಸತ್ತಿದ್ದ. ಈಗ ಮುರಾರಿಯ ಜಾಗದಲ್ಲಿ ರಂಜನ್ ಕಾಣಿಸಿದ. ಇರುವ ಒಬ್ಬನೇ ಮಗ. ವಸಂತಕುಮಾರರು ನಲ್ಲಿ ನಿಲ್ಲಿಸಿದರು.

"ಬಾಯಿ ತೆರೆ!" ಎಂದು ಒದ್ದೆ ಕೈಯಲ್ಲೇ ಹೊರಗೆ ಬಂದರು.

"ಕ್ಯಾ ಹುವಾ ಪಾಪಾ?"

"ತೆರೆ ಅಂದೆ!"

ಮೂರು ಬೆರಳು ಒಂದರ ಮೇಲೊಂದಾಗಿ ಬಾಯಿಯೊಳಗೆ ಹೋಗಬೇಕು, ಹೋಗದಿದ್ದರೆ ರೋಗ ಶುರುವಾದಂತೆ ಎಂದು ಸಂಘದ ಡಾಕ್ಟರು ಕಲಿಸಿದ್ದರು. ಮೂರೂ ಹೋದವು. ಗಾಬರಿಯಲ್ಲಿ ನಾಲ್ಕನೆಯದೂ ಹೋಯಿತು. ರಂಜನ್ ಓಕರಿಸಿ ಕಚ್ಚಿದ. ವಸಂತಕುಮಾರರು ಕೂಗಿಕೊಂಡರು. ಆ ಕೂಗಿಗೆ ಎದುರು ಮನೆಯ ವೀರಭದ್ರಪ್ಪ ಬನಿಯನ್ನಿನಲ್ಲೇ ಓಡಿಬಂದರು. ಗದಗ ಕಡೆಯ ಈ ಹಿರಿಯರು ನೌಕರಿಯಿಂದ ನಿವೃತ್ತರಾದ ಮೇಲೆ ಇಡೀ ಬಿಲ್ಡಿಂಗಿನ ಉಸಾಬರಿಯನ್ನು ಸ್ವಂತ ಖುಷಿಯಿಂದ ವಹಿಸಿಕೊಂಡಿದ್ದರು.

"ಏನಾತ್ರೀ ಸಾಹೇಬ್ರ?"

"ಹುಡುಗ ಮಾವಾ ತಿಂತಾನೆ ಮಾರಾಯ್ರೆ! ತಿನ್ನುವುದು ಮಾತ್ರ ಅಲ್ಲ, ಸಪ್ಲೈ ಬೇರೆ!"

"ಪಾಪಾ, ವೋ ಮಾವಾ ನಹೀಂ..."

"ಮತ್ತೆ ಯಾವ ಮಾವಾ?" ಕೇಳಿದ ಬಾಯಿ ಉತ್ತರಕ್ಕೆ ಕಾಯಲಿಲ್ಲ, ಕೈ ಮೊದಲೇ ಕೆನ್ನೆಗೆ ಬಿದ್ದಿತ್ತು.

ರಂಜನ್ ಸುಮ್ಮನಾದ. ಇವತ್ತೊಂದು ದಿನ ಬಾಯಿ ಬಿಡಬೇಡ ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಆ ಅಮ್ಮ ಸಂಘದ ಹೆಂಗಸರ ಜೊತೆ ಉಪ್ಪಿಟ್ಟು ಮಾಡಲು ಆಗಲೇ ಆಂಬೆಪಾಡಾಕ್ಕೆ ಹೋಗಿಯಾಗಿತ್ತು.

"ನೀವು ನಿಶ್ಚಿಂತಿಂದ ಹೋಗಿ ಭಾಷಣ ಮಾಡಿ ಬರ್ರಿ," ಎಂದರು ವೀರಭದ್ರಪ್ಪ. "ಹುಡುಗನ್ನ ನನ್ನ ಕೈಯಾಗ ಬಿಡ್ರಿ. ಬಾಗಲಾ ಹಾಕ್ಕೊಂಡು ಒಳಗ ಕುಂದರ್ತೀನಿ. ನೊಣ ಸೈತ ಹೊರಗ ಹೋಗಂಗಿಲ್ಲ."

ವಸಂತಕುಮಾರರಿಗೆ ಕಣ್ಣು ತುಂಬಿ ಬಂತು. ನೆರೆಹೊರೆ ಎಂದರೆ ಹೀಗಿರಬೇಕು ಅನಿಸಿತು. ಮಗನ ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟರು.

ಕಲ್ಯಾಣದ ಗಾಡಿಯಲ್ಲಿ ಆ ಫೋನು ರಿಂಗಾಗತೊಡಗಿತು. ತೆಗೆದು ನೋಡಿದರೆ ಪರದೆಯ ಮೇಲೆ ಮಿನುಗುತ್ತಿದ್ದ ಹೆಸರು 'ಮಾವಾ'. ಮಾರುವವನಿಗೆ ಸರಕಿನ ಹೆಸರನ್ನೇ ಇಟ್ಟಿದ್ದಾನಲ್ಲ, ಎಷ್ಟು ಧೈರ್ಯ ಇರಬೇಕು! ವಸಂತಕುಮಾರರು ಫೋನು ಕಿವಿಗಿಟ್ಟು, ಆ ಕಡೆಯವನಿಗೆ ಹಲೋ ಎನ್ನಲೂ ಬಿಡದೆ ರೈಲು ಡಬ್ಬಿಯೇ ನಡುಗುವಂತೆ ಕಿರುಚಿದರು: "ಶರಮ್ ನಹೀಂ ಆತೀ? ಬಚ್ಚೇ ಕೀ ಜಿಂದಗೀ ಬರ್ಬಾದ್ ಕರತಾ ಹೈ! ಮೇರಾ ಲಡಕಾ ಅಬ್ ತೇರೇ ಪಾಸ್ ಕಭೀ ನಹೀಂ ಆಯೇಗಾ! ಫಿರ್ ಫೋನ್ ಕಿಯಾ ತೋ ಪೊಲೀಸ್ ಮೇ ದೂಂಗಾ!" ಮಗುವಿನ ಬದುಕು ಹಾಳು ಮಾಡುವವನ ಹತ್ತಿರ ಮಗ ಇನ್ನು ಬರುವುದಿಲ್ಲ, ಮತ್ತೆ ಫೋನು ಬಂದರೆ ಪೊಲೀಸಿಗೆ ಎಂದು ತಾಕೀತು.

ಆ ಕಡೆ ಯಾರೋ ಉಸಿರು ಬಿಟ್ಟದ್ದಷ್ಟೇ ಕೇಳಿಸಿ, ಫೋನು ಕಟ್ಟಾಯಿತು. "ಬರೋಬರ್ ಕೇಲಾತ್," ಸರಿ ಮಾಡಿದಿರಿ ಎಂದು ಪಕ್ಕದವರು ಬೆನ್ನು ತಟ್ಟಿದರು. ಒಬ್ಬರು ಎದ್ದು ಕೂರಲು ಜಾಗವನ್ನೂ ಕೊಟ್ಟರು. ಲೋಕಲ್ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ.

ಆಂಬೆಪಾಡಾದ ಶಾಲೆಯ ಪಡಸಾಲೆ ಅಂದು ಕಿಕ್ಕಿರಿದಿತ್ತು. ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಹುಡುಗರು, ಶಾಲೆ ಬಿಟ್ಟವರು, ಕಂದು ಹಲ್ಲಿನವರು, ಎಲ್ಲರೂ ಸ್ನಾನ ಮಾಡಿ ಬಂದು ಕೂತಿದ್ದರು. ತನ್ನ ಭಾಷಣಕ್ಕೆ ಇಷ್ಟು ಜನವೇ ಎಂದು ವಸಂತಕುಮಾರರು ಉಬ್ಬುವಷ್ಟರಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ, "ಕಾಕಾ, ಮಾವಾ ಆಲಾ ಕಾ?"

ಮಾವಾ ಬಂತಾ, ಮಾವ ಬಂದನಾ, ಮರಾಠಿಯಲ್ಲಿ ಎರಡಕ್ಕೂ 'ಆಲಾ' ಒಂದೇ. ಹಿಂದಿನ ಸಾಲಿನಿಂದಲೂ ಅದೇ ಕೂಗು. "ಮಾವಾ ಕುಠೇ ಆಹೇ? ಮಾವಾ ಪಾಹಿಜೆ!" ಮಾವಾ ಎಲ್ಲಿ, ನಮಗೆ ಮಾವಾ ಬೇಕು. ಮುರಾರಿ ತೆರೆಯದ ಬಾಯಿಂದಲೇ ಅವರ ಕಿವಿಯಲ್ಲಿ ಹೇಳಿದ, ಸಾಹೇಬರೇ, ಮಾವಾ ಸಿಗದಿದ್ದರೆ ಈ ಹುಡುಗರು ಕೂರುವವರಲ್ಲ, ರಂಜನ್ ತರುತ್ತೇನೆ ಅಂದಿದ್ದ.

ವಸಂತಕುಮಾರರು ಮೈಕಿನತ್ತ ಧಾವಿಸಿದರು. ಊರಿಗೆ ಊರೇ ತನ್ನ ಮಗನ ಗಿರಾಕಿ! ಕಂಠಪಾಠ ಮಾಡಿದ ಭಾಷಣ ಮರೆತುಹೋಗಿ ಮೈಕಿನ ಮುಂದೆ ಕನ್ನಡ, ಹಿಂದಿ, ತುಳು ಎಲ್ಲವೂ ಒಟ್ಟಿಗೆ ಹೊರಟವು. "ಥೂ ನಿಮ್ಮ! ಇನ್ನು ಯಾವ ಮಾವಾವೂ ಇಲ್ಲಿಗೆ ಬರುವುದಿಲ್ಲ! ಪೊಲೀಸಿಗೆ ಕೊಡ್ತೇನೆ ಅಂತ ಫೋನಿನಲ್ಲೇ ಹೇಳಿಯಾಗಿದೆ! ರಂಜನನನ್ನು ಕೂಡಿಹಾಕಿಯೂ ಆಗಿದೆ!"

ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ವಿನೋದಾ ಓಡಿಬಂದಳು. "ಎಂತ ಹೇಳ್ತಾ ಇದ್ದೀರಿ ನೀವು? ಯಾರಿಗೆ ಫೋನಿನಲ್ಲಿ ಹೇಳಿದ್ದು? ಲತೀಶನಿಗಾ?"

"ಲತೀಶನಾ? ಅವನಿಗೂ ಇದಕ್ಕೂ ಎಂತ ಸಂಬಂಧ?"

"ಅವನೇ ಅಲ್ವಾ ಇವರ ಮಾವ! ರಂಜನ್ ಕರೆಯುವುದು ಕೇಳಿ ಇವರೂ ಹಾಗೇ ಕರೀತಾರೆ. ಕುಡಿತ ಬಿಟ್ಟು ತಿಂಗಳುಗಟ್ಟಲೆ ಆಯ್ತು ಅವನು. ನೀವು ಬಾರದ ಭಾನುವಾರ ಎಲ್ಲ ಬಂದು ಈ ಮಕ್ಕಳ ಹತ್ತಿರ ತಾನು ಹಾಳಾದ ಕಥೆ ಹೇಳ್ತಾನೆ. ಇವರು ಚಟ ಬಿಟ್ಟದ್ದು ಅವನ ಮಾತಿಗೆ, ನಿಮ್ಮ ಭಾಷಣಕ್ಕಲ್ಲ. ಕಲ್ಯಾಣದ ಟೆಂಪೊ ಸ್ಟ್ಯಾಂಡಿನ ಹತ್ತಿರ ಸರಾಯಿ ಅಂಗಡಿ ಉಂಟಲ್ಲ, ಅದನ್ನು ಒಬ್ಬನೇ ದಾಟ್ಲಿಕ್ಕೆ ಆಗುದಿಲ್ಲ ಅವನಿಗೆ. ರಂಜನ್ ಕೈ ಹಿಡಿದು ದಾಟಿಸ್ತಾನೆ. ಇವತ್ತು ನಿಮ್ಮ ಎದುರೇ ಅವನನ್ನು ನಿಲ್ಲಿಸಿ, ನೀವಿಬ್ಬರೂ..." ಸೌಟು ಬಿಸಾಕಿ ಅವಳು ಟೆಂಪೊ ಕಡೆ ನಡೆದಳು.

ವಸಂತಕುಮಾರರಿಗೆ ಗಾಡಿಯಲ್ಲಿ ಕೇಳಿದ ಆ ಉಸಿರು ನೆನಪಾಯಿತು. ಅಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಗಂಡ ಹೆಂಡತಿ ಟೆಂಪೊ ಹತ್ತುವಾಗ ಸಭೆ ಮುರಿದಿತ್ತು. ಕೆಲವು ಹುಡುಗರು ಮನೆ ಕಡೆ ನಡೆದರು, ಉಳಿದವರು ಪಾನ್ ಅಂಗಡಿಯತ್ತ ತಿರುಗಿದರು. ತಡೆಯಲು ಹೋದ ಮುರಾರಿಯ ಮಾತು ಯಾರಿಗೂ ಅರ್ಥವಾಗಲಿಲ್ಲ.

ಲತೀಶನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸರಾಯಿ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತಿದ್ದ. ಸ್ಟೇಜಿಗೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ವಾಂತಿಯ ಕಲೆ.

"ಭಾವ," ಎಂದ ತೊದಲುತ್ತ. "ನಿಮ್ಮ ಸ್ವರ ಕೂಡಲೇ ಗೊತ್ತಾಯ್ತು. ನೀವು ಹೇಳಿದ್ದು ಸರಿ. ಆ ಮಗುವಿನ ಬದುಕು ಹಾಳು ಮಾಡಬಾರದು ನಾನು."

"ನಿನಗೆ ಹೇಳಿದ್ದಲ್ಲ ಮಾರಾಯ, ನಿನಗೆ ಹೇಳಿದ್ದಲ್ಲ," ಎಂದು ವಸಂತಕುಮಾರರು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಅವನಿಗೆ ಅದು ತಲೆಗೆ ಹೋಗುವ ಸ್ಥಿತಿ ಇರಲಿಲ್ಲ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ವಿನೋದಾ ತಮ್ಮನ ಅಂಗಿಯನ್ನು ಸೆರಗಿನಿಂದ ಒರೆಸುತ್ತ ಕೂತಳು. ವಸಂತಕುಮಾರರು ಒಂದನ್ನೇ ಹಿಡಿದುಕೊಂಡು ಸಮಾಧಾನ ತಂದುಕೊಂಡರು: ಏನೇ ಹಾಳಾದರೂ ಮಗ ಚೊಕ್ಕವಾಗಿದ್ದಾನೆ. ಹೋದ ಕೂಡಲೇ ಅವನ ಕ್ಷಮೆ ಕೇಳಬೇಕು. ನಾಳೆಯಿಂದ ಲತೀಶನ ಇನ್ನೊಂದು ಕೈಯನ್ನು ತಾನೇ ಹಿಡಿಯಬೇಕು.

ಬಾಗಿಲು ತೆರೆದ ವೀರಭದ್ರಪ್ಪನವರ ಮುಖದಲ್ಲಿ ಗೆದ್ದ ಕಳೆ. "ಬರ್ರಿ, ಬರ್ರಿ. ಹುಡುಗ ಹೊಸ್ತಲಾ ದಾಟಿಲ್ಲ ನೋಡ್ರಿ. ಮೊದಲ ಭಾಳ ಅತ್ತ. ಈಗ ಶಾಂತ ಆಗ್ಯಾನ."

ರಂಜನ್ ಕಿಟಕಿಯ ಬಳಿ ಕೂತಿದ್ದ. ವಸಂತಕುಮಾರರು ಹತ್ತಿರ ಹೋಗಿ, "ತಪ್ಪಾಯ್ತು ಮಗಾ," ಎಂದರು. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ರಂಜನ್ ಕಿಟಕಿಯಿಂದ ಹೊರಗೆ ಬಗ್ಗಿ ಪಿಚಕ್ಕನೆ ಉಗುಳಿದ. ಅವನ ಕೆಳತುಟಿ ಉಬ್ಬಿತ್ತು.

"ಇದೆಂತದ್ದು ವೀರಭದ್ರಪ್ಪನವರೇ?"

"ಏನಿಲ್ರಿ, ಒಂದು ಚಿಟಿಕಿ ತಂಬಾಕ. ಅಳೂದು ನೋಡಿ ನನ್ನ ಕರಳು ಚುರ್ ಅಂತು. ಸಮಾಧಾನ ಆಗ್ಲಿ ಅಂತ ನಾನ ತಿಕ್ಕಿ ಕೊಟ್ಟೆ. ಪಾಪ, ಹಿಂದ ಒಮ್ಮಿನೂ ಬಾಯಾಗ ಹಾಕಿದವ ಅಲ್ಲ ಕಾಣಸ್ತೈತಿ, ತಲಿ ತಿರಗಿ ಕಾರಿಕೊಂಡ. ಎರಡನೇದ್ದು ಚಲೋ ಹತ್ತಿತು."

"ತಂಬಾಕು ಕೊಟ್ಟಿರಾ!"

"ಹೆದರಬ್ಯಾಡ್ರಿ ಸಾಹೇಬ್ರ. ನಾ ಎಲ್ಲಿ ಮಾವಾ ಕೊಟ್ಟೀನಿ? ಮಾವಾ ಹೊಲಸು. ಇದು ನಮ್ಮ ಕಡೆ ತಂಬಾಕ, ಜರಾ ಸುಣ್ಣ, ಅಷ್ಟ."

ರಂಜನ್ ಅಪ್ಪನ ಕಡೆ ನೋಡಲೇ ಇಲ್ಲ. ವೀರಭದ್ರಪ್ಪನವರತ್ತ ಅಂಗೈ ಚಾಚಿ ಕೇಳಿದ, "ಅಂಕಲ್, ಥೋಡಾ ಔರ್ ಹೈ ಕ್ಯಾ?"