ಕನ್ನಡಿಯಲ್ಲಿ ಕಂಡವಳು

ಓಯ್ವ ಕೆರ್ವಿನೆನ್‌ನ ಆ ಗುರುವಾರ ಹಾಳಾಗಿದ್ದು, ಹಿಂದಿನ ವಾರ ಲೈಬ್ರರಿಯಲ್ಲಿ ಪುಕ್ಕಟೆ ಸಿಕ್ಕಿದ ಒಂದು ಕಪ್ ಕಾಫಿಯಿಂದ.

ಸುವಂತೊ ಊರಿನ ವಾರಪತ್ರಿಕೆಯ ಹುಡುಗಿಯೊಬ್ಬಳು ಅಲ್ಲಿ ಮೇಜು ಹಾಕಿಕೊಂಡು ಕೂತಿದ್ದಳು. ಎಪ್ಪತ್ತು ದಾಟಿದವರು ಯಾರು ಕಂಡರೂ ಕರೆದು ಕೂರಿಸಿ, ಕಾಫಿ ಬಗ್ಗಿಸಿ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದಳು: ಹಿಂತಿರುಗಿ ನೋಡಿದರೆ ಯಾವುದನ್ನು ಬೇರೆ ಥರ ಮಾಡಬೇಕಿತ್ತು ಅನ್ನಿಸುತ್ತದೆ? ಜನ ತೋಚಿದ್ದು ಹೇಳಿ, ಕಾಫಿ ಮುಗಿಸಿ ಎದ್ದು ಹೋಗುತ್ತಿದ್ದರು. ಒಬ್ಬ ಹಲ್ಲು ಸರಿಯಾಗಿ ಉಜ್ಜಬೇಕಿತ್ತು ಅಂದ. ಇನ್ನೊಬ್ಬ, ಎಲ್ಲರೂ ಹೋದ ಕಾಲದಲ್ಲೇ ತಾನೂ ಸ್ವೀಡನ್ನಿಗೆ ಕೆಲಸಕ್ಕೆ ಹೋಗಬೇಕಿತ್ತು ಅಂದ. ಅವನ ಹಿಂದೆ ನಿಂತಿದ್ದವನು ಹೋಗಿ ಬಂದವನು, ಹೋಗಬಾರದಿತ್ತು ಅಂದ.

ಓಯ್ವನಿಗೆ ಎಪ್ಪತ್ತಮೂರು. ಸುವಂತೊದಿಂದ ಕುವೊಪಿಯೊಗೆ ಹೋಗುವ ಬಸ್ಸನ್ನು ಮೂವತ್ತನಾಲ್ಕು ವರ್ಷ ಓಡಿಸಿದವನು. ಅಷ್ಟು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ ಎಂದು ಅವನ ಹೆಂಡತಿ ಹೆಲ್ವಿ ಹೇಳುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಮೇಲೆ ಪೋಸ್ಟ್‌ಕಾರ್ಡಿನ ಅಗತ್ಯವೂ ಬಿದ್ದಿರಲಿಲ್ಲ. ಅಂಥವನು ಅವತ್ತು, ಕಾಫಿಯ ಕಪ್ಪು ಕೈಯಲ್ಲಿ ಬೆಚ್ಚಗಿತ್ತೆಂದೋ, ಹುಡುಗಿ ಅವಸರ ಮಾಡದೆ ಕಾದಳೆಂದೋ, ಹೆಲ್ವಿಗೂ ಹೇಳದ ಸಂಗತಿಯನ್ನು ಹೇಳಿಬಿಟ್ಟ.

ಎಪ್ಪತ್ತೈದನೇ ಇಸವಿಯ ಫೆಬ್ರವರಿ. ಅವನು ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳು, ಒಂದು ದಿನವೂ ಒಂದು ನಿಮಿಷವೂ ತಡವಾಗಿರಲಿಲ್ಲ. ಇನ್ನೊಂದು ತಿಂಗಳು ಹಾಗೇ ಕಳೆದರೆ ಡಿಪೋದ ಗೋಡೆಯ ಮೇಲೆ ಅವನ ಹೆಸರು ಏರುತ್ತಿತ್ತು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹಾಲಿನ ಡೇರಿಯ ಮುಂದಿನ ಸ್ಟಾಪಿನಿಂದ ಬಸ್ಸು ಹೊರಟಾಗ ಪಕ್ಕದ ಕನ್ನಡಿಯಲ್ಲಿ ಒಬ್ಬಳು ಓಡಿ ಬರುತ್ತಿದ್ದದ್ದು ಕಂಡಿತು. ಹಸಿರು ಕೋಟು, ಕೈಯಲ್ಲಿ ಚಿಕ್ಕ ಸೂಟ್‌ಕೇಸು. ಹಿಮದಲ್ಲಿ ಜಾರಿ ಮಂಡಿಯೂರಿ ಬಿದ್ದಳು. ಎದ್ದಳು. ಮತ್ತೆ ಓಡಿದಳು, ಕೈಯೆತ್ತಿ. ಓಯ್ವ ಕನ್ನಡಿ ನೋಡಿದ, ಗಡಿಯಾರ ನೋಡಿದ, ಗೇರು ಬದಲಿಸಿದ. ಅವಳು ಯಾರೋ, ಎಲ್ಲಿಗೆ ಹೊರಟಿದ್ದಳೋ ಅವನಿಗೆ ಗೊತ್ತಾಗಲೇ ಇಲ್ಲ. ಆದರೆ ಅಲ್ಲಿಂದಾಚೆ ಯಾವ ಕನ್ನಡಿ ನೋಡಿದರೂ, ಗಡ್ಡ ಹೆರೆಯುವಾಗಲೂ, ಅವಳು ಓಡಿ ಬರುತ್ತಿದ್ದಳು.

ಗುರುವಾರ ಬೆಳಿಗ್ಗೆ ಪತ್ರಿಕೆ ಬಂತು. ಹಲ್ಲಿನವನಿಗೆ ಎರಡು ಸಾಲು, ಸ್ವೀಡನ್ನಿನವರಿಗೆ ಮೂರು ಮೂರು ಸಾಲು. ಓಯ್ವನಿಗೆ ಇಡೀ ಮುಖಪುಟ. ಬಿಸಿ ಗಂಜಿಗೆ ನಾಲಿಗೆ ಸುಟ್ಟುಕೊಂಡವನಂಥ ಮುಖದ ಅವನ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ: "ನೋಡಿದೆ, ನಿಲ್ಲಿಸಲಿಲ್ಲ."

ಎಂಟು ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು. ಕೆಳಗಿನ ಮನೆಯ ತುವೊವಿ. ಅವರ ಕಟ್ಟಡದ ಸಮಿತಿಗೆ ಅಧ್ಯಕ್ಷೆ. ಕಟ್ಟಡದಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಸಂಸಾರ ಸೋರಿದರೂ ಮೊದಲು ಗೊತ್ತಾಗುತ್ತಿದ್ದದ್ದು ಆಕೆಗೆ. ಪತ್ರಿಕೆಯನ್ನು ವಾರಂಟಿನ ಹಾಗೆ ಹಿಡಿದುಕೊಂಡು ಒಳಗೆ ಬಂದಳು. ಆ ಕಡೆ ಗುರುವಾರವೆಂದರೆ ಬಟಾಣಿ ಸಾರು, ಓಯ್ವ ಅದನ್ನು ಒಲೆಯ ಮೇಲೆ ಇಟ್ಟಿದ್ದ. ಅದರ ಉರಿ ತಗ್ಗಿಸಿ, ತಾನೇ ಕುರ್ಚಿ ಎಳೆದುಕೊಂಡು ಕೂತಳು.

"ಓಯ್ವ, ನೀನು ಇಷ್ಟು ವರ್ಷ ಇದನ್ನ ಒಬ್ನೇ ಹೊತ್ಕೊಂಡಿದ್ಯಲ್ಲ, ನಾನು ಕೆಳಗಡೆ ಯಾತಕ್ಕಿದ್ದೆ?"

ಆ ಹಸಿರು ಕೋಟಿನವಳನ್ನು ಹುಡುಕಿಸಿ ಬಿಡೋಣ ಎಂದಳು. ಬೇಡ ಎಂದ ಓಯ್ವ. ಬೇಡ ಎಂದದ್ದು ತುವೊವಿಯ ಕಿವಿಗೆ ಬಿದ್ದ ಲಕ್ಷಣವಿರಲಿಲ್ಲ. ಒಂಬತ್ತಕ್ಕೆ ಅಂಗಡಿಯ ಬೋರ್ಡಿನಲ್ಲಿ, ಆ ಹೆಂಗಸು ಯಾರೇ ಇರಲಿ ಬರಲಿ ಎಂಬ ಚೀಟಿ ಅಂಟಿತು. ಹತ್ತಕ್ಕೆ ಕಟ್ಟಡದ ಕೆಳಗಿನ ಸಭೆ ಕೋಣೆಯಲ್ಲಿ ಬಿಳಿ ಮೇಜುಬಟ್ಟೆ ಹಾಸಿ ದೊಡ್ಡ ಕಾಫಿ ಪಾತ್ರೆ ಇಟ್ಟಾಯಿತು. ಹತ್ತೂವರೆಗೆ ಓಯ್ವನ ಬಟಾಣಿ ಸಾರು ಪಾತ್ರೆ ಸಮೇತ ಕೆಳಗಿಳಿಯಿತು, ಹಿಂದೆಯೇ ಓಯ್ವನೂ ಇಳಿದ. ಸಾರನ್ನು ಎತ್ತಿಕೊಂಡು ಹೋದರು, ಅವನನ್ನು ತೋಳು ಹಿಡಿದು ಎಳೆದುಕೊಂಡು.

ಹನ್ನೊಂದರ ಹೊತ್ತಿಗೆ ಅವನನ್ನು ಕ್ಷಮಿಸಲು ಜನ ಸಾಲುಗಟ್ಟಿದ್ದರು.

ಮೊದಲು ಬಂದವಳು ಹೊಲಿಗೆ ಅಂಗಡಿಯ ಏಯ್ಲಾ. ಏಲಕ್ಕಿ ಹಾಕಿದ ಬನ್ನುಗಳ ತಟ್ಟೆ ಇಟ್ಟು, ಆ ಹೆಂಗಸು ತಾನೇ ಎಂದಳು. ಜೂನ್ ತಿಂಗಳು, ಕೆರೆಗೆ ಈಜಲು ಹೊರಟಿದ್ದಳಂತೆ. ಅವತ್ತು ಹಿಮವಿತ್ತು ಎಂದು ಓಯ್ವ ಮೆಲ್ಲಗೆ ಹೇಳಿದ. ಏಯ್ಲಾ ಸ್ವಲ್ಪ ಯೋಚಿಸಿದಳು.

"ಹಿಮ ಅಂದ್ರೆ ಹಿಮಾನೇ ಇರ್ಲಿ. ನನ್ನ ಮನಸ್ಸಲ್ಲಿ ಏನೂ ಇಲ್ಲ, ಓಯ್ವ. ಬನ್ನು ತಗೋ."

ಎರಡನೆಯವನು ಕೌಕೊ. ಮರದ ಮಿಲ್ಲಿನಲ್ಲಿ ಇದ್ದವನು, ಈಗ ಮೀಸೆ ಬಿಟ್ಟು ಬೇರೆ ಕೂದಲಿಲ್ಲ. ತನ್ನನ್ನೇ ಬಿಟ್ಟು ಹೋದದ್ದು ಎಂದು ಗಂಭೀರವಾಗಿ ಹೇಳಿದ. ಎಪ್ಪತ್ತೈದರಲ್ಲಿ ತನಗೆ ಭುಜದ ತನಕ ಕೂದಲಿತ್ತು, ಅಕ್ಕನ ಹಸಿರು ಕೋಟನ್ನು ಆಗಾಗ ಹಾಕಿಕೊಳ್ಳುತ್ತಿದ್ದೆ, ಹಿಂದಿನಿಂದ ನೋಡಿದವರೆಲ್ಲ ಅಮ್ಮಾ ಎಂದೇ ಕರೆಯುತ್ತಿದ್ದರು ಎಂದ. ತಾನು ನೋಡಿದ್ದು ಮುಂದಿನಿಂದ, ಅವಳಿಗೆ ಮೀಸೆ ಇರಲಿಲ್ಲ ಎಂದ ಓಯ್ವ. ಕೌಕೊಗೆ ಬೇಜಾರಾಯಿತು. ಆದರೂ ಕ್ಷಮಿಸಿದ.

ಮತ್ತೆ ಒಬ್ಬೊಬ್ಬರೇ ಬಂದರು. ಒಬ್ಬಳು ಆ ವರ್ಷ ಊರಲ್ಲೇ ಇರಲಿಲ್ಲ. ತೀರಿಕೊಂಡ ತನ್ನ ನಾದಿನಿಯ ಪರವಾಗಿ ಕ್ಷಮಿಸಿದಳು. ಇನ್ನೊಬ್ಬಳನ್ನು ಬಿಟ್ಟು ಹೋಗಿದ್ದು ಬಸ್ಸೇ ಅಲ್ಲ, ರೈಲು. ಪ್ರತಿಯೊಬ್ಬರೂ ಒಂದು ಕಪ್ ಕಾಫಿ ಬಗ್ಗಿಸಿಕೊಟ್ಟರು, ಒಂದು ಬನ್ನು ತಿನ್ನಿಸಿದರು, ಕೈ ಹಿಡಿದು ಕುಲುಕಿದರು. ಕ್ಷಮಿಸುವವರ ಕಾಫಿಯನ್ನು ಬೇಡ ಅನ್ನುವುದು ಹೇಗೆ? ಮಧ್ಯಾಹ್ನದ ಹೊತ್ತಿಗೆ ಓಯ್ವನ ಹೊಟ್ಟೆ ಗಾಳಿ ತುಂಬಿದ ಟೈರಿನ ಹಾಗೆ ಬಿಗಿದಿತ್ತು, ಎದೆ ಹಳೆಯ ಡೀಸೆಲ್ ಇಂಜಿನ್ನಿನ ಹಾಗೆ ಬಡಿಯುತ್ತಿತ್ತು.

ಆದರೆ ಒಂದು ವಿಚಿತ್ರವಾಯಿತು. ಐದನೆಯ ಕ್ಷಮೆಯ ಹೊತ್ತಿಗೆ ಓಯ್ವನಿಗೆ ಹಿತವೆನ್ನಿಸತೊಡಗಿತು. ಇವರು ಯಾರೂ ಅವಳಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಇಷ್ಟು ಜನ ಕೈ ಹಿಡಿದು, ಹೋಗಲಿ ಬಿಡು ಎಂದರೆ, ನಲವತ್ತೇಳು ವರ್ಷದ ಭಾರ ಎಲ್ಲೋ ಒಂಚೂರು ಸಡಿಲಾಗುತ್ತಿತ್ತು. ನೋಡಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ನೋಡಿದೆ ಅಂತ ಒಪ್ಪಿಕೊಂಡೆಯಲ್ಲ, ಅದು ದೊಡ್ಡದು ಎಂದು ತುವೊವಿ ಎಲ್ಲರ ಮುಂದೆ ಹೇಳಿದಳು. ಓಯ್ವ ತಲೆ ತಗ್ಗಿಸಿದ, ಆದರೆ ಕಿವಿ ಆ ಮಾತನ್ನು ಬಿಟ್ಟುಕೊಡಲಿಲ್ಲ. ಏಳನೆಯವರಿಗೆ ಕತೆ ಹೇಳುವಾಗ ಅವನು ಕೈಯಾಡಿಸಿ ಗೇರು ಬದಲಿಸಿದ್ದನ್ನೂ ತೋರಿಸಿದ. ಹೆಲ್ವಿ ಇದ್ದಿದ್ದರೆ ನಂಬುತ್ತಿರಲಿಲ್ಲ.

ಎರಡು ಗಂಟೆಗೆ ಪತ್ರಿಕೆಯ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ತುವೊವಿ ಫೋನು ಮಾಡಿದ್ದಳು. ಮುಂದಿನ ವಾರದ ಪತ್ರಿಕೆಗೆ ಇಬ್ಬರೂ ಕೈ ಕುಲುಕುವ ಫೋಟೋ ಬೇಕು, ಹಾಗಾದರೆ ಆ ಹೆಂಗಸು ಯಾರು ಎಂದು ತೀರ್ಮಾನವಾಗಬೇಕು. ಸಮಿತಿ ಅಲ್ಲೇ ಕೂತು ಕೈಯೆತ್ತಿಸಿ ಮತ ಎಣಿಸಿತು. ಒಂದರ ಎದುರು ನಾಲ್ಕು ಮತದಿಂದ ಏಯ್ಲಾ ಗೆದ್ದಳು. ಆ ಒಂದು ಮತ ಕೌಕೊ ಕೌಕೊಗೆ ಹಾಕಿದ್ದು. ಏಯ್ಲಾ ತುಟಿಗೆ ಬಣ್ಣ ಹಚ್ಚಿಕೊಳ್ಳಲು ಕನ್ನಡಿಯ ಹತ್ತಿರ ಹೋದಳು.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿರುವುದು ಓಯ್ವನಿಗೆ ಕಂಡಿತು. ಎಪ್ಪತ್ತರ ಆಸುಪಾಸು, ಬೂದು ಕೋಟು, ತಟ್ಟೆ ಗಿಟ್ಟೆ ಏನೂ ಇಲ್ಲ. ಅವಳು ಒಳಗೆ ಬರಲಿಲ್ಲ. ಎರಡು ನಿಮಿಷ ಮಾತಾಡಬೇಕಿತ್ತು, ಇಲ್ಲಿ ಬೇಡ ಎಂದಳು. ಇನ್ನೊಬ್ಬಳು ಬಂದಳು, ಬೇಗ ಕ್ಷಮೆ ತೆಗೆದುಕೊಂಡು ಬಾ, ಬೆಳಕು ಹೋಗುತ್ತೆ ಎಂದು ತುವೊವಿ ಕೂಗಿ ಹೇಳಿದಳು.

ಕಾರಿಡಾರಿನ ಕೊನೆಯಲ್ಲಿ, ಹಿಮದ ಮೇಲೆ ಜಾರುವ ಎಲ್ಲರ ಸ್ಕೀಗಳನ್ನೂ ಮಕ್ಕಳ ಗಾಡಿಗಳನ್ನೂ ಇಡುವ ಕೋಣೆ. ಅಲ್ಲಿ ಹೋಗಿ ನಿಂತರು. ಅವಳ ಹೆಸರು ಇರ್ಯಾ. ಪಕ್ಕದ ಊರಿನಲ್ಲಿರುವವಳು, ಬೆಳಿಗ್ಗೆ ಅಣ್ಣನ ಮಗಳು ಪತ್ರಿಕೆಯ ಪುಟವನ್ನು ಫೋನಿಗೆ ಕಳಿಸಿದ್ದಳಂತೆ. ಅವಳು ಹವಾಮಾನದ ವರದಿ ಓದಿದ ಹಾಗೆ, ದನಿ ಏರಿಸದೆ ಇಳಿಸದೆ ಹೇಳಿದಳು. ಅವತ್ತು ತಾಯಿ ಕುವೊಪಿಯೊದ ಆಸ್ಪತ್ರೆಯಲ್ಲಿದ್ದಳು, ಇರ್ಯಾಳ ಮನೆಯಲ್ಲಿ ಫೋನಿಲ್ಲದ್ದರಿಂದ, ಬೇಗ ಬಾ ಎಂದು ಅಣ್ಣ ಡೇರಿಗೆ ಫೋನು ಮಾಡಿ ಹೇಳಿಸಿದ್ದ. ಆ ಬಸ್ಸು ತಪ್ಪಿದ ಮೇಲೆ ಮುಂದಿನದು ಮೂರು ಗಂಟೆಗೆ. ತಾಯಿ ನಾಲ್ಕಕ್ಕೆ ಹೋದಳು, ಇರ್ಯಾ ಐದಕ್ಕೆ ತಲುಪಿದಳು. ತಾಯಿ ಬೆಳಿಗ್ಗೆಯಿಂದ ಬಾಗಿಲ ಕಡೆಗೇ ಮುಖ ಮಾಡಿಕೊಂಡಿದ್ದಳು ಎಂದು ಅಣ್ಣ ಹೇಳಿದ. ಆಮೇಲೆ ಅವನು ಇರ್ಯಾಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಓಯ್ವ ಇಷ್ಟು ವರ್ಷ ಅಭ್ಯಾಸ ಮಾಡಿಟ್ಟುಕೊಂಡಿದ್ದ ಒಂದೇ ಮಾತನ್ನು ಕೊನೆಗೂ ಹೇಳಿದ. "ನನ್ನಿಂದ ತಪ್ಪಾಯ್ತು. ಕ್ಷಮಿಸಿ."

"ನಾನು ಅವತ್ತೇ ಕ್ಷಮಿಸಿದ್ದೆ," ಎಂದಳು ಇರ್ಯಾ. "ಹಿಮ ಬೀಳ್ತಿತ್ತು, ಡ್ರೈವರಿಗೆ ಕಾಣಿಸಲಿಲ್ಲ ಪಾಪ ಅಂದ್ಕೊಂಡೆ. ಅಣ್ಣನಿಗೂ ಹಾಗೇ ಹೇಳ್ದೆ. ನನ್ನ ಮಕ್ಕಳಿಗೂ ಹಾಗೇ ಹೇಳಿ ಬೆಳೆಸ್ದೆ. ಯಾರ ತಪ್ಪೂ ಇಲ್ಲ, ಹಿಮ ಬೀಳ್ತಿತ್ತು. ಅದೊಂದು ಮಾತಿನ ಮೇಲೆ ನಾನು ನೆಮ್ಮದಿಯಾಗಿದ್ದೆ."

ಓಯ್ವ ಪಕ್ಕದಲ್ಲಿದ್ದ ಮಗುವಿನ ಗಾಡಿಯ ಹಿಡಿಯನ್ನು ಹಿಡಿದುಕೊಂಡ.

"ಇವತ್ತು ಬೆಳಿಗ್ಗೆ ಗೊತ್ತಾಯ್ತು, ನೀವು ನೋಡಿದ್ರಿ ಅಂತ."

ಓಯ್ವನಿಗೆ ಆ ಕ್ಷಣದಲ್ಲಿ ಒಂದೇ ಒಂದು ದಾರಿ ಕಂಡಿತು. ಬದುಕಿನಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದವನು ತಡವರಿಸುತ್ತ ಹೇಳತೊಡಗಿದ: ಅದು ಪತ್ರಿಕೆಯವರು ಬರೆದುಕೊಂಡದ್ದು, ಹುಡುಗಿ ಹೇಳಿಸಿದ್ದು, ನಿಜಕ್ಕೂ ಅವತ್ತು ಹಿಮ ಜೋರಾಗಿತ್ತು, ಕನ್ನಡಿ ಮಂಜಾಗಿತ್ತು, ತನಗೆ ಏನೂ ಕಂಡಿರಲಿಲ್ಲ, ಆಮೇಲೆ ಯಾರೋ ಹೇಳಿದ್ದನ್ನು ಕೇಳಿ...

ಇರ್ಯಾ ಕೊನೆಯ ತನಕ ಕೇಳಿದಳು. ಅವನ ಮೇಲೆ ಅವಳಿಗೆ ಕನಿಕರ ಬಂದಂತಿತ್ತು.

"ಕೋಟಿನ ಬಣ್ಣ ಹೇಳಿದ್ದೀರಿ. ಬಿದ್ದದ್ದನ್ನೂ ಹೇಳಿದ್ದೀರಿ. ನಾನು ಬಿದ್ದಿದ್ದು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ರಸ್ತೆಯಲ್ಲಿ ಬೇರೆ ಯಾರೂ ಇರ್ಲಿಲ್ಲ."

 ಸಭೆ ಕೋಣೆಯಿಂದ ಕಪ್ಪು ಬಸಿಗಳ ಸದ್ದೂ ಕೌಕೊ ಮರು ಎಣಿಕೆ ಕೇಳುತ್ತಿದ್ದ ಸದ್ದೂ ಬರುತ್ತಿತ್ತು. ಇರ್ಯಾ ಕೈಗವಸು ಹಾಕಿಕೊಂಡಳು.

"ಬಯ್ಯೋಣ ಅಂತಾನೇ ಬಂದೆ. ದಾರಿಯಲ್ಲೆಲ್ಲ ಮಾತು ಜೋಡಿಸ್ಕೊಂಡೆ. ಬರಲ್ಲ ನೋಡಿ. ಈ ವಯಸ್ಸಲ್ಲಿ ಹೊಸದಾಗಿ ಸಿಟ್ಟು ಮಾಡೋದು ಕಲೀಬೇಕು."

"ನಾನು ಹೇಳಬಾರದಿತ್ತು," ಎಂದ ಓಯ್ವ.

"ಹೌದು," ಎಂದಳು ಇರ್ಯಾ. "ನಿಲ್ಲಿಸದೇ ಇದ್ದದ್ದು ಹೋಗ್ಲಿ. ಹೇಳಬಾರದಿತ್ತು."

ಅವಳು ಹೊರಗಿನ ಬಾಗಿಲು ತಳ್ಳಿಕೊಂಡು ಹೋದಳು. ತಣ್ಣನೆ ಗಾಳಿ ಒಳಗೆ ನುಗ್ಗಿ, ಒರಗಿಸಿಟ್ಟಿದ್ದ ಸ್ಕೀಗಳಲ್ಲಿ ಒಂದು ಜಾರಿ ಓಯ್ವನ ಹೆಗಲ ಮೇಲೆ ಬಿತ್ತು. ಅದನ್ನು ಎತ್ತಿ ನಿಲ್ಲಿಸಿದ. ಮತ್ತೆ ಬಿತ್ತು. ಮತ್ತೆ ನಿಲ್ಲಿಸಿದ. ಅವಳ ಹಿಂದೆ ಹೋಗಬೇಕೆಂದುಕೊಂಡ. ಹೋಗಿ ಹೇಳುವುದಕ್ಕೆ ಅವನ ಹತ್ತಿರ ಇದ್ದದ್ದು ಒಂದು ನಿಜ ಮತ್ತು ಒಂದು ಸುಳ್ಳು, ಎರಡೂ ಖರ್ಚಾಗಿದ್ದವು.

ಸಭೆ ಕೋಣೆಗೆ ಬಂದಾಗ ಎಲ್ಲರೂ ಅವನ ಕಡೆ ತಿರುಗಿದರು.

"ಯಾರದು?" ಎಂದಳು ತುವೊವಿ. "ಅವಳೇನಾ?"

ಹೌದು ಎಂದರೆ ಏನಾಗುತ್ತದೆಂದು ಓಯ್ವನಿಗೆ ಕಣ್ಣಿಗೆ ಕಟ್ಟಿತು. ಈ ಇಡೀ ಕೋಣೆ ಬನ್ನಿನ ತಟ್ಟೆ ಎತ್ತಿಕೊಂಡು, ಕ್ಯಾಮೆರಾ ಹಿಡಿದುಕೊಂಡು, ರಸ್ತೆಯಲ್ಲಿ ಹೋಗುತ್ತಿರುವ ಆ ಹೆಂಗಸಿನ ಬೆನ್ನು ಹತ್ತುತ್ತಿತ್ತು.

"ಅಲ್ಲ," ಎಂದ. "ವಿಳಾಸ ಕೇಳೋಕೆ ಬಂದಿದ್ರು."

ಎಲ್ಲರಿಗೂ ಸಮಾಧಾನವಾಯಿತು, ಏಯ್ಲಾಗೆ ಎಲ್ಲರಿಗಿಂತ ಹೆಚ್ಚು. ಅವನನ್ನು ಎಳೆದುಕೊಂಡು ಹೋಗಿ ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ತುವೊವಿ ಅವನ ಕಾಲರು ಸರಿ ಮಾಡಿದಳು. ಏಯ್ಲಾ ಅವನ ಎರಡೂ ಕೈಯನ್ನು ತನ್ನ ಕೈಗಳಲ್ಲಿ ಹಿಡಿದು, ಕ್ಯಾಮೆರಾ ಕಡೆ ಮುಖ ತಿರುಗಿಸಿ, ಸಾಕಷ್ಟು ಗಟ್ಟಿಯಾಗಿ, ಓಯ್ವ, ನಾನು ನಿನ್ನನ್ನು ಮನಸಾರೆ ಕ್ಷಮಿಸಿದ್ದೇನೆ ಎಂದಳು. ಮೂರು ಸಲ ಹೇಳಬೇಕಾಯಿತು, ಮೊದಲ ಎರಡು ಸಲ ಕೌಕೊ ಅಡ್ಡ ಬಂದಿದ್ದ.

ಮೂರನೆಯ ಸಲ ಹುಡುಗಿ ಕ್ಯಾಮೆರಾ ಕೆಳಗಿಳಿಸಿ ಓಯ್ವನ ಮುಖ ನೋಡಿದಳು. ಅವನ ಕಣ್ಣಿನಿಂದ ನೀರು ಇಳಿದು ಗಲ್ಲದ ತನಕ ಬಂದಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಯಾಕೆ ಅಜ್ಜ, ಏನಾಯಿತು ಎಂದು ಮೆಲ್ಲಗೆ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ತುವೊವಿ ಉತ್ತರ ಕೊಟ್ಟಳು.

"ಮನಸ್ಸು ಹಗುರಾಯ್ತು ನೋಡು, ಅದಕ್ಕೆ. ಹಾಗೇ ಬರ್ಕೋ."

ಹುಡುಗಿ ಬರೆದುಕೊಂಡಳು.