ಓಣಿಯ ಹತ್ತು ಗೋಡೆಗಳು

ಆ ವರ್ಷ ಬಾಗಲಕೋಟೆಯಲ್ಲಿ ಕೆಂಪು ಬಣ್ಣದ ಡಬ್ಬಿ ಹಿಡಿದವನಿಗಿಂತ ಹಾವು ಹಿಡಿದವನನ್ನೇ ಜನ ಹೆಚ್ಚು ನಂಬುತ್ತಿದ್ದರು. ಅಣೆಕಟ್ಟಿನ ನೀರು ಎಲ್ಲಿಯವರೆಗೆ ಬಂದೀತೆಂದು ಸರ್ವೇದವರು ಗೋಡೆಗಳ ಮೇಲೆ ಕೆಂಪು ಅಂಕಿ ಬರೆಯುತ್ತಿದ್ದರು. ಅಂಕಿ ಬಿದ್ದ ಮನೆ ಮುಳುಗಡೆಗೆ ಹೋದಂತೆಯೇ. ಇದೆಲ್ಲ ಗೊತ್ತಿದ್ದೂ ಭೂಗೋಳದ ಪ್ರಾಣೇಶ ಮಾಸ್ತರರು ಕೆಂಪು ಬಣ್ಣವನ್ನೇ ತಂದರು. ಅಂಗಡಿಯಲ್ಲಿ ಅದೇ ಅಗ್ಗವಾಗಿತ್ತು.

ಶಾಲೆಯ ಜಗತ್ತಿನ ನಕಾಶೆಯನ್ನು ಇಲಿ ತಿಂದಿತ್ತು. ಆಫ್ರಿಕಾ ಪೂರ್ತಿ, ಏಷ್ಯಾ ಅರ್ಧ. ಅದಕ್ಕೇ ಮಾಸ್ತರರು ಬೆಳಗಾಗೆದ್ದು ಓಣಿಯ ಹತ್ತು ಗೋಡೆಗಳ ಮೇಲೆ ಬರೀ ಅಂಕಿ ಬರೆದರು. ೮೮೪೮ ಮೀಟರ್ ಎಂದರೆ ಎವರೆಸ್ಟ್, ೯೭೯ ಎಂದರೆ ವೆನೆಜುವೆಲಾದ ಏಂಜೆಲ್ ಜಲಪಾತ. ಹುಡುಗರು ದಾರಿಯಲ್ಲಿ ಅಂಕಿ ನೋಡಬೇಕು, ತರಗತಿಯಲ್ಲಿ ಹೆಸರು ಹೇಳಬೇಕು. ಹುಡುಗರೇನೋ ಹೇಳಿದರು. ಓಣಿಯವರು ಕೇಳಬೇಕಲ್ಲ!

ಮಧ್ಯಾಹ್ನ ಮನೆಗೆ ಬಂದರೆ ಬಾಗಿಲಲ್ಲಿ ಜನವೋ ಜನ.

"ಸಾಲಿ ಮಾಸ್ತರಗ ಬಣ್ಣದ ಡಬ್ಬಿ ಯಾಕ್ರಿ?" ಎಂದ ಚಹದಂಗಡಿಯ ಫಕ್ರುಸಾಬ. "ಸರ್ವೇದವರ ಕೂಡ ಒಳಗೊಳಗ ಸೇರೀರಿ, ಹೌದಿಲ್ಲೋ?"

"ಅದು ಜಲಪಾತದ ಎತ್ತರ ಅದರೀ! ವೆನೆಜುವೆಲಾದಾಗ ಅದ!"

"ನೋಡ್ರಿ, ನೀರಂತ ತಾವ ಬಾಯಿ ಬಿಟ್ರು!" ಎಂದು ಪಕ್ಕದ ಮನೆಯ ಗಾಳೆಪ್ಪ ಕೂಗಿದ. "ನನ್ನ ಗ್ವಾಡಿಗೆ ಎಂಟು ಸಾವಿರದ ಎಂಟನೂರಾ ನಲವತ್ತೆಂಟು ಮೀಟರ್ ಬರದಾರ. ಅಷ್ಟು ನೀರು ನಿಂತರ ಮಾಳಗಿ ಸೈತ ಕಾಣಂಗಿಲ್ಲ!"

ಮನೆಯೊಡತಿ ಗುರುಸಿದ್ದವ್ವ ಸೊಂಟದ ಮೇಲೆ ಕೈಯಿಟ್ಟಳು. "ಮಾಸ್ತರ, ಗಂಟು ಕಟ್ರಿ."

ಮಾಸ್ತರರು ಮೂರು ತಿಂಗಳು ಅಲೆದು ಹಿಡಿದ ಮನೆ ಅದು. ಬೇರೆ ಅಡುಗೆಮನೆಯಿರುವ ಮನೆ ಮಾಡಿದರಷ್ಟೇ ಮಗಳನ್ನು ಕೊಡುವೆನೆಂದಿದ್ದ ಇಳಕಲ್ಲಿನ ಪಂಢರೀನಾಥರಾಯರು ಇವತ್ತೇ ಸಂಜೆ ಮನೆ ನೋಡಲು ಬರುವವರಿದ್ದರು.

"ಎಲ್ಲಾ ಅಳಸ್ತೇನ್ರಿ ಅವ್ವಾರ, ಒಂದೂ ಬಿಡಂಗಿಲ್ಲ!"

ಚಿಮಣಿ ಎಣ್ಣೆ, ಚಿಂದಿ ಬಟ್ಟೆ ಹಿಡಿದು ಮಾಸ್ತರರು ಗೋಡೆ ಗೋಡೆ ತಿಕ್ಕಿದರು. ಹಿಂದೆ ಮೆರವಣಿಗೆಯಂತೆ ಓಣಿಯೇ ಬಂತು. ಕೊನೆಗೆ ಗುರುಸಿದ್ದವ್ವನ ಹಿತ್ತಲಗೋಡೆಯ ೫೨೩ರ ಮುಂದೆ ಮಾಸ್ತರರ ಕೈ ನಿಂತಿತು. ಇದು ಯಾವ ಜಲಪಾತ? ನೆನಪಾಗಲೊಲ್ಲದು.

"ಯಾಕ ನಿಂತ್ರಿ? ತಿಕ್ರಿ!" ಎಂದಳು ಗುರುಸಿದ್ದವ್ವ. ತಿಕ್ಕಿದರು.

ಗೋಡೆ ಬೆಳ್ಳಗಾದದ್ದು ನೋಡಿ ಮುದುಕಿಯ ಮನಸ್ಸೂ ಕರಗಿತು. "ಇರ್ರಿ ಮಾಸ್ತರ, ಇದ ಮನ್ಯಾಗ ಸಂಸಾರ ಹೂಡ್ರಿ" ಎಂದಳು. ಮಾಸ್ತರರಿಗೆ ಕಣ್ಣಲ್ಲಿ ನೀರೇ ಬಂತು.

ಸಂಜೆ ಹಿತ್ತಲಿಗೆ ಸರ್ವೇದವರ ಜೀಪು ಬಂತು.

"ನಿನ್ನಿ ಬರದ ನಂಬರ್ ಎಲ್ಲಿ ಹೋತು?"

ಓಣಿಯ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು. ಸರ್ಕಾರದ ಗುರುತು ಅಳಿಸಿದ್ದಕ್ಕೆ ಕೇಸು ಬೇಡವೆಂದರೆ ಆ ೫೨೩ನ್ನು ಈಗಲೇ ಮತ್ತೆ ಬರೆಯಬೇಕೆಂದರು ಸರ್ವೇದವರು. ಬೆಳಗಿನ ಡಬ್ಬಿಯಲ್ಲಿ ಬಣ್ಣ ಉಳಿದಿತ್ತು. ಮಾಸ್ತರರು ಐದು, ಎರಡು ಬರೆದು ಮೂರಕ್ಕೆ ಕೈ ಹಾಕುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಪಂಢರೀನಾಥರಾಯರು!

"ಇದೇನು ಬರಿಲಿಕ್ಹತ್ತೀರಿ?"

ತನ್ನ ಮನೆ ಹೋದ ದುಃಖದಲ್ಲೂ ಗುರುಸಿದ್ದವ್ವನಿಗೆ ಪಾಪ ಅನ್ನಿಸಿತು. "ಏನಿಲ್ರಿ, ಜಲಪಾತದ ಎತ್ತರಂತ್ರಿ" ಎಂದಳು. ಮಾಸ್ತರರು ಮಧ್ಯಾಹ್ನದಿಂದ ಕಾಯುತ್ತಿದ್ದ ಸಾಕ್ಷಿ ಆಗ ಸಿಕ್ಕಿತು.

ರಾಯರು ಜೀಪನ್ನೂ ಅಂಕಿಯನ್ನೂ ಭಾವಿ ಅಳಿಯನನ್ನೂ ನೋಡಿದರು.

"ಹೌದೇನು? ಯಾವ ಜಲಪಾತ?"

ಜಗತ್ತಿನ ಜಲಪಾತಗಳೆಲ್ಲ ಬಾಯಿಪಾಠವಿದ್ದ ಮಾಸ್ತರರಿಗೆ ಒಂದು ಹೆಸರೂ ಹೊಳೆಯಲಿಲ್ಲ.

ರಾಯರು ಫಕ್ರುಸಾಬನ ಕಡೆ ತಿರುಗಿದರು. "ಇಳಕಲ್ಲಿಗೆ ಮುಂದಿನ ಬಸ್ ಎಷ್ಟಕ್ಕ ಅದರೀ?"