ಎರಡೂ ಎಡಗಡೆಯ ಕೋಟು

ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದಿರುವ ಪೀರಾ ಸಾಬರ ಟೈಲರ್ ಅಂಗಡಿಯಲ್ಲಿ ಬೂದೆಪ್ಪ ಹನ್ನೊಂದು ವರ್ಷದಿಂದ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಹೋದ ಭಾನುವಾರ ರಾಯಚೂರಿಗೆ ಹೋಗಿ ‘ನಿಮ್ಮೊಳಗಿನ ಹುಲಿಯನ್ನು ಎಬ್ಬಿಸಿ’ ಎಂಬ ಶಿಬಿರದಲ್ಲಿ ಇಡೀ ದಿನ ಕೂತು ಬಂದ. ಹುಲಿ ಎದ್ದಿತು, ಆಮೇಲೆ ಮಲಗಲು ಒಪ್ಪಲಿಲ್ಲ.

ಆ ಹುಲಿಗೆ ಬೇಕಾದದ್ದು ಕತ್ತರಿ. ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನೇ ಮಾಸ್ತರ್, ಉಳಿದವರೆಲ್ಲ ಬರೀ ಸೂಜಿಯವರು. ನಲವತ್ತು ತುಂಬುವುದರೊಳಗೆ ಯಾರಾದರೂ ಒಮ್ಮೆ ತನ್ನನ್ನು ‘ಮಾಸ್ತರ್’ ಅನ್ನಬೇಕು ಎಂಬುದು ಬೂದೆಪ್ಪನ ಆಸೆ.

ಗುರುವಾರ ಪೀರಾ ಸಾಬ್ ತಂಗಿಯ ಮಗಳ ನಿಶ್ಚಯಕ್ಕೆಂದು ದೇವದುರ್ಗಕ್ಕೆ ಹೊರಟರು. ಹೋಗುವಾಗ ಮೇಜಿನ ಮೇಲಿದ್ದ ನೀಲಿ ಬಟ್ಟೆ ತೋರಿಸಿ, “ಇದು ರಾಯಚೂರಿನ ಯಾರೋ ದೊಡ್ಡ ಮನುಷ್ಯಾರ ಕೋಟಿಂದು. ಡ್ರೈವರ್ ತಂದು ಕೊಟ್ಟಾನ. ನಾಳೆ ನಾನ ಕಟಿಂಗ್ ಮಾಡ್ತೀನಿ. ನೀ ಕತ್ತರಿ ಮುಟ್ಟಿದಿ ಅಂದ್ರ ಅವತ್ತಿಗೇ ನಿನ್ನ ಕೆಲಸ ಖತಂ” ಎಂದರು.

“ಆತ್ರಿ ಮಾಸ್ತರ್” ಎಂದ ಬೂದೆಪ್ಪ. ಬಸ್ಸು ಹೋದ ಮೇಲೆ ಕತ್ತರಿ ಮುಟ್ಟಿದ.

ಶಿಬಿರದಲ್ಲಿ ಕಲಿಸಿದಂತೆ ಮೂರು ಸಲ ಉಸಿರೆಳೆದು ‘ನನಗೆ ಬರುತ್ತದೆ’ ಎಂದುಕೊಂಡ. ಕೋಟಿನ ಮುಂಭಾಗದ ರಟ್ಟಿನ ಅಚ್ಚಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದ. ಅಚ್ಚನ್ನು ಹಾಗೆಯೇ ಪಕ್ಕಕ್ಕೆ ಸರಿಸಿ ಇನ್ನೊಂದು ಕತ್ತರಿಸಿದ. ಎರಡನೆಯ ಸಲ ಅಚ್ಚನ್ನು ಮಗುಚಿ ಇಡಬೇಕೆಂದು ಶಿಬಿರದಲ್ಲಿ ಯಾರೂ ಹೇಳಿರಲಿಲ್ಲ. ಎರಡನ್ನೂ ಎದೆಗೆ ಹಿಡಿದು ಕನ್ನಡಿಯ ಮುಂದೆ ನಿಂತಾಗ ಗೊತ್ತಾಯಿತು, ಎರಡೂ ಎಡಗಡೆಯವು. ಬಟ್ಟೆಯ ಹೊಳಪು ಒಂದೇ ಬದಿಗೆ ಇದ್ದುದರಿಂದ ತಿರುಗಿಸುವಂತೆಯೂ ಇರಲಿಲ್ಲ. ಕೆಲಸ ಹೋಯಿತೆಂದು ಬೂದೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

ಪಕ್ಕದ ಬಳೆ ಅಂಗಡಿಯ ಗುಲ್ಶನ್ ಬೇಗಂ ಇಣುಕಿ ನೋಡಿದಳು. “ಇಷ್ಟಕ್ಕ ಯಾಕ ಅಂಜ್ತಿ ಬೂದಣ್ಣಾ? ತೋಳಿಗಂತ ಬಿಟ್ಟ ಬಟ್ಟ್ಯಾಗ ಬಲಗಡಿ ತೆಗಿ. ತೋಳಿಲ್ಲದ ಜಾಕೀಟು ಆಗ್ತದ. ದೊಡ್ಡ ಮಂದಿ ಈಗ ಅದನ್ನ ಹಾಕಾಕತ್ತಾರ.”

ತೋಳು ಹೋಯಿತು. ಬಲಗಡೆ ಬಂತು, ಆದರೆ ನಾಲ್ಕು ಬೆರಳು ಗಿಡ್ಡ. ಎದುರಿನ ಮೊಬೈಲ್ ಅಂಗಡಿಯ ಮುನ್ನಾ ಬಂದು, “ಎಡಗಡೀನೂ ಅಷ್ಟ ಕತ್ತರಸು ಭಾಯ್, ಸಮ ಆಗ್ತದ” ಎಂದ. ಕತ್ತರಿಸಿದ. ಈಗ ಎಡಗಡೆ ಗಿಡ್ಡವಾಯಿತು. ಬಲಗಡೆ ಕತ್ತರಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಬೂದೆಪ್ಪ ಪಾಪ, ನಾಲ್ಕು ತಾಸು ತೆಗೆದುಕೊಂಡ. ಸಂಜೆಯ ಹೊತ್ತಿಗೆ ಕೋಟು ಹೊಕ್ಕುಳ ದಾಟಿ ಮೇಲೆ ಬಂದಿತ್ತು.

ಅಷ್ಟರಲ್ಲಿ ಅಂಗಡಿಯ ಮುಂದೆ ಕಾರು ನಿಂತಿತು. ಇಳಿದವರು ಹುಲಿ ಎಬ್ಬಿಸಿದ ಶಿಬಿರದ ಪಂಪಾಪತಿ ಸರ್.

“ನನ್ನ ನೀಲಿ ಕೋಟು ಎಲ್ಲಿಗೆ ಬಂತು?” ಎಂದು ಕೇಳಿದರು.

ಬೂದೆಪ್ಪ ಅದನ್ನೂ, ಉಳಿದ ಇನ್ನೊಂದು ಎಡಗಡೆಯನ್ನೂ ಎತ್ತಿ ತೋರಿಸಿದ. “ಸೋಲು ಅಂದ್ರ ಒಂದು ಮೆಟ್ಟಿಲು ಅಂತ ನೀವ ಹೇಳಿದ್ರಿ ಸರ್. ನಾ ಮೂರನೇ ಸಾಲಿನ್ಯಾಗ ಕುಂತಿದ್ದೆ.”

ಪಂಪಾಪತಿ ಬಟ್ಟೆಯನ್ನು ತಿರುವಿ ತಿರುವಿ ನೋಡಿದರು. ಸಿಟ್ಟು ಬರಲಿಲ್ಲ, ಕಣ್ಣು ತೇವವಾಯಿತು. “ಹದಿನೈದು ವರ್ಷದ ಹಿಂದ ಇದ ಮೇಜಿನ ಮ್ಯಾಲ ನಾ ಒಬ್ಬ ಸಾಹೇಬರ ಪ್ಯಾಂಟು ಹಿಂಗ ಕತ್ತರಿಸಿದ್ದೆ. ಎರಡೂ ಎಡಗಾಲು. ಪೀರಾ ಸಾಬ್ ಗಜಕಡ್ಡಿ ಹಿಡ್ಕೊಂಡು ಬಸ್‌ಸ್ಟ್ಯಾಂಡ್ ತನಕ ಓಡಿಸಿದ್ರು. ಅವತ್ತು ಹೊರಗ ಬಿದ್ದದ್ದಕ್ಕ ಇವತ್ತು ಕಾರಿನ್ಯಾಗ ಅಡ್ಡಾಡ್ತೀನಿ. ಅದಕ್ಕ ಕೋಟು ಇಲ್ಲೇ ಹೊಲಿಸಬೇಕಂತ ಹಟ ನಂದು.”

ಬೂದೆಪ್ಪನ ಮುಖ ಅರಳಿತು. “ಹಂಗಾರ ನಾನೂ ಈಗ ಕೆಲಸ ಬಿಟ್ಟು ನಿಮ್ಮ ಸಂಗಡ ಬರ್ಲೇನ್ರಿ?”

“ಬಾ, ವೇದಿಕಿ ಮ್ಯಾಲ ನಿನ್ನ ಕತಿ ಹೇಳ್ಸೋಣು. ಆದ್ರ ತಾನಾಗೇ ಬಿಟ್ಟು ಬಂದಾವನ ಕತಿ ಯಾರು ಕೇಳ್ತಾರ? ಹೊರಗ ಹಾಕಿಸ್ಕೊಂಡು ಬರಬೇಕು.”

ಮಧ್ಯಾಹ್ನ ಕೆಲಸ ಹೋಗುತ್ತದೆಂದು ಅಂಜುತ್ತಿದ್ದವನು ಈಗ ಅದು ಯಾವಾಗ ಹೋದೀತೆಂದು ಬಸ್ಸಿನ ದಾರಿ ಕಾಯತೊಡಗಿದ.

ಪೀರಾ ಸಾಬ್ ಬಂದರು. ಅವರನ್ನು ಕಂಡದ್ದೇ, ಸಾವಿರ ಜನರ ಅಂಜಿಕೆ ಬಿಡಿಸಿದ ಪಂಪಾಪತಿ ಸರ್ ತಟ್ಟನೆ ಎದ್ದು, ಕೈಕಟ್ಟಿ ಗೋಡೆಗೆ ಒತ್ತಿ ನಿಂತರು.

“ಮಾಸ್ತರ್, ಇದನ್ನ ನಾನ ಕತ್ತರಿಸೀನಿ” ಎಂದು ಬೂದೆಪ್ಪ ಎದೆ ಮುಂದೆ ಮಾಡಿದ. “ಈ ಸರ್ ಊರೂರಾಗ ಶಿಬಿರ ಮಾಡಿ ಧೈರ್ಯ ಕೊಡ್ತಾರ, ನನಗೂ ಕೊಟ್ಟಾರ. ನನ್ನ ಹೊರಗ ಹಾಕ್ರಿ.”

ಪೀರಾ ಸಾಬ್ ಬಟ್ಟೆ ನೋಡಿದರು, ಗಜಕಡ್ಡಿ ಕೈಗೆ ತೆಗೆದುಕೊಂಡರು. ಬೂದೆಪ್ಪ ಖುಷಿಯಿಂದ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಪೀರಾ ಸಾಬ್ ಗೋಡೆಗೆ ಒತ್ತಿ ನಿಂತವರನ್ನೇ ದಿಟ್ಟಿಸುತ್ತಿದ್ದರು.

“ಪಂಪ್ಯಾ, ನೀನ? ಇವನಿಗೆ ಈ ಧೈರ್ಯ ಕೊಟ್ಟಾವನೂ ನೀನ?” ಗಜಕಡ್ಡಿ ಕೆಳಗಿಟ್ಟು ಬೂದೆಪ್ಪನ ಕಡೆ ತಿರುಗಿದರು. “ಅವತ್ತು ಇವನ್ನ ಓಡಿಸಿದ್ದ ನನ್ನ ದೊಡ್ಡ ತಪ್ಪು. ಇಲ್ಲೇ ಇದ್ದಿದ್ರ ತಿಂಗಳಿಗೊಂದು ಪ್ಯಾಂಟು ಕೆಡಸ್ತಿದ್ದ, ಅಷ್ಟ. ಹೊರಗ ಹೋಗಿ ಊರೂರಾಗ ನಿನ್ನಂಥಾವ್ರನ್ನ ತಯಾರ ಮಾಡಾಕತ್ತಾನ. ಅದ ತಪ್ಪು ಎರಡನೇ ಸಲ ನಾ ಮಾಡಂಗಿಲ್ಲ ಬೂದೆಪ್ಪ. ಕುಂದ್ರು. ನನ್ನ ಜೀವ ಇರೋ ತನಕ ನಿನ್ನ ಈ ಅಂಗಡಿಯಿಂದ ಹೊರಗ ಹಾಕಂಗಿಲ್ಲ.”

ಬೂದೆಪ್ಪ ಬಿಕ್ಕಿ ಬಿಕ್ಕಿ ಅತ್ತ. ಕೆಲಸ ಉಳಿದ ಸಂತೋಷಕ್ಕೆ ಅಳುತ್ತಿದ್ದಾನೆಂದು ತಿಳಿದು ಗುಲ್ಶನ್ ಬೇಗಂ ಓಡಿಹೋಗಿ ಮನೆಯಿಂದ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು.